ಮೇಘುವಿನ ತೂಕ, ನನ್ನ ತನಿಖೆ

ತಪ್ಪು ಹುಡುಕುವ ಚಟ ಹಲವರಿಗೆ ಇರುತ್ತದೆ. ಅದಕ್ಕೆಂದೇ ಸಂಬಳ ಪಡೆಯುವ ಭಾಗ್ಯ ಕೆಲವರಿಗೆ ಮಾತ್ರ. ನಾನು ಆ ಕೆಲವರಲ್ಲೊಬ್ಬ. ಅಮೆರಿಕಾದಲ್ಲಿ, ಆಬರ್ನ್ ಹಿಲ್ಸ್ ಎಂಬ ಊರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್. ನಾವು ಕಾರು ಮಾಡುವುದಿಲ್ಲ. ಕಾರಿನ ಸೀಟು ಹಿಂದಕ್ಕೂ ಮುಂದಕ್ಕೂ ಜಾರುತ್ತದಲ್ಲ, ಅದರ ಕೆಳಗಿನ ಹಳಿ ನಮ್ಮದು. ಹಳಿ ಕಿರ್ ಎಂದರೆ ದೂರು ನನ್ನ ಮೇಜಿಗೆ ಬರುತ್ತದೆ. ನಾನು ಹೋಗಿ "ಯಾಕೆ?" ಎಂದು ಕೇಳುತ್ತೇನೆ. ಒಮ್ಮೆಯಲ್ಲ, ಐದು ಸಲ. ಯಾಕೆ ಕಿರ್ ಎಂದಿತು? ಗ್ರೀಸ್ ಇರಲಿಲ್ಲ. ಯಾಕೆ ಇರಲಿಲ್ಲ? ಗ್ರೀಸ್ ಹಚ್ಚುವ ಯಂತ್ರದ ಬಾಯಿ ಕಟ್ಟಿಕೊಂಡಿತ್ತು. ಹೀಗೆ ಐದನೆಯ "ಯಾಕೆ"ಗೆ ಬರುವಷ್ಟರಲ್ಲಿ ನಿಜವಾದ ಕಾರಣ ಸಿಕ್ಕೇ ಸಿಕ್ಕುತ್ತದೆ ಎಂಬುದು ನಮ್ಮ ವೃತ್ತಿಯ ನಂಬಿಕೆ. ಕಾರ್ಖಾನೆಯಲ್ಲಿ ಇದು ನಡೆಯುತ್ತದೆ. ಮನೆಯಲ್ಲಿ ನಡೆಯುವುದಿಲ್ಲ. ಮದುವೆಯಾದ ಹೊಸದರಲ್ಲಿ, ಸಾರಿಗೆ ಉಪ್ಪು ಯಾಕೆ ಜಾಸ್ತಿಯಾಯಿತು ಎಂದು ಇದೇ ಕ್ರಮದಲ್ಲಿ ವಿಚಾರಿಸಿದ್ದೆ. ಮೂರನೆಯ "ಯಾಕೆ"ಗೆ ನನ್ನ ಹೆಂಡತಿ ವೀಣಾ ಕೊಟ್ಟ ಉತ್ತರದಲ್ಲಿ ನನ್ನ ತಾಯಿಯವರ ಪ್ರಸ್ತಾಪ ಬಂತು. ತನಿಖೆಯನ್ನು ಅಲ್ಲಿಗೇ ಮುಕ್ತಾಯ ಮಾಡಿದೆ. ಇಷ್ಟು ಅನುಭವವಿದ್ದೂ ಹೋದ ವರ್ಷ ಇನ್ನೊಂದು ತನಿಖೆಗೆ ಕೈ ಹಾಕಿದೆ. ಅದು ನನ್ನ ಮಗಳ ತೂಕದ್ದು.

ಮಗಳ ಹೆಸರು ಮೇಘನಾ, ಮನೆಯಲ್ಲಿ ಮೇಘು. ಹನ್ನೆರಡು ವರ್ಷ. ನಾವಿರುವ ಟ್ರಾಯ್ ಊರಿನಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನಗು ಬಂದರೆ ಸದ್ದಿಲ್ಲದೆ ನಗುತ್ತಾಳೆ. ಹೆಗಲು ಮಾತ್ರ ಕುಲುಕುತ್ತದೆ. ಹಿಂದಿನಿಂದ ನೋಡಿದವರಿಗೆ ಅಳುತ್ತಿದ್ದಾಳೇನೋ ಅನ್ನಿಸಬೇಕು. ಶಾಲೆ ಶುರುವಾಗುವ ಮುಂಚೆ ಆಗಸ್ಟ್ ತಿಂಗಳಲ್ಲಿ ವರ್ಷದ ಚೆಕಪ್ಪಿಗೆ ಮೂವರೂ ಹೋಗಿದ್ದೆವು. ಮಕ್ಕಳ ಡಾಕ್ಟರು ಮೆತ್ತಗೆ ಮಾತಾಡುವ ಹೆಂಗಸು. ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿ ಒಂದು ಗೆರೆ ತೋರಿಸಿದರು. ಮಕ್ಕಳು ಬೆಳೆಯುವ ದಾರಿ ಇದು, ಮೇಘು ಎರಡು ವರ್ಷದಿಂದ ಈ ದಾರಿ ಬಿಟ್ಟು ಸ್ವಲ್ಪ ಬೇಗ ಬೇಗ ಮೇಲೆ ಹತ್ತುತ್ತಿದ್ದಾಳೆ ಅಂದರು. ಗಾಬರಿ ಪಡುವಂಥದ್ದಲ್ಲ, ಹಾಗಂತ ಸುಮ್ಮನೆ ಬಿಡುವಂಥದ್ದೂ ಅಲ್ಲ. ಇದಕ್ಕೆ ಒಂದೇ ಕಾರಣ ಅಂತ ಇರುವುದಿಲ್ಲ. ಹತ್ತಾರು ಸಣ್ಣ ಸಂಗತಿ ಸೇರಿರುತ್ತವೆ. ಯಾರ ತಪ್ಪೂ ಅಲ್ಲ ಎಂದು ಹೇಳಿ ಒಂದು ಹಾಳೆ ಕೊಟ್ಟರು. ಹಾಳೆಯಲ್ಲಿ ಸಾಲಾಗಿ ಬರೆದಿತ್ತು: ನಿದ್ದೆ ಕಡಿಮೆಯಾಗುವುದು, ಸಿಹಿ ಪಾನೀಯ, ಹೆಚ್ಚು ಹೊತ್ತು ಫೋನು ಟೀವಿ, ನಡೆಯದೆ ಇರುವುದು, ಗಡಿಬಿಡಿಯಲ್ಲಿ ಹೊರಗಡೆ ತಿನ್ನುವುದು, ಮನೆತನದ ಮೈಕಟ್ಟು, ಮನಸ್ಸಿನ ಒತ್ತಡ, ಕೆಲವು ಔಷಧಿ. ಆಮೇಲೆ ಅವರು ಇನ್ನೂ ಏನೋ ಹೇಳಿದರು. ಮನೆಮಂದಿಯೆಲ್ಲ ಒಟ್ಟಿಗೆ ಬದಲಾಗಬೇಕು, ಮಗುವನ್ನು ಪಥ್ಯಕ್ಕೆ ಹಚ್ಚಬೇಡಿ, ಹೀಗೇನೋ. ನನಗೆ ಸರಿಯಾಗಿ ಕೇಳಿಸಲಿಲ್ಲ. ಕೈಯಲ್ಲಿ ಕಾರಣಗಳ ಪಟ್ಟಿ ಇದ್ದ ಮೇಲೆ ನನ್ನಂಥವನಿಗೆ ಬೇರೆ ಮಾತು ಕೇಳಿಸುವುದಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಮೇಘು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿ ನೋಡುತ್ತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ನಾನು ಧೈರ್ಯ ತುಂಬುವ ದನಿಯಲ್ಲಿ, "ಚಿಂತೆ ಮಾಡ್ಬೇಡ ವೀಣಾ, ರೂಟ್ ಕಾಸ್, ಮೂಲ ಕಾರಣ ಹುಡುಕಿಬಿಡೋಣ" ಅಂದೆ.

"ರೀ, ಅವಳು ಸೀಟಿನ ಹಳಿ ಅಲ್ಲ" ಅಂದಳು ವೀಣಾ.

ಅದು ನನಗೆ ಗೊತ್ತಿತ್ತು. ಹಳಿಗೆ ಇಷ್ಟೊಂದು ಕಾರಣಗಳಿರುವುದಿಲ್ಲ.

ನಮ್ಮ ಕೆಲಸದಲ್ಲಿ ಒಂದು ಚಿತ್ರ ಬರೆಯುತ್ತೇವೆ. ಬಲಗಡೆ ತಲೆ, ಅದರಲ್ಲಿ ತೊಂದರೆಯ ಹೆಸರು. ತಲೆಯಿಂದ ಎಡಕ್ಕೆ ಉದ್ದನೆಯ ಬೆನ್ನೆಲುಬು. ಬೆನ್ನೆಲುಬಿನ ಎರಡೂ ಬದಿ ಓರೆಯಾಗಿ ಮುಳ್ಳುಗಳು, ಮುಳ್ಳಿಗೊಂದು ಕಾರಣ. ನೋಡಲು ತಿಂದು ಬಿಟ್ಟ ಮೀನಿನ ಹಾಗೇ ಇರುತ್ತದೆ. ಆ ಭಾನುವಾರ ದೊಡ್ಡ ಹಾಳೆಯ ಮೇಲೆ ಅಂಥದ್ದೊಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ತಲೆಯಲ್ಲಿ "ಮೇಘು" ಎಂದು ಬರೆದಿದ್ದೆ. ವೀಣಾ ಬೈದ ಮೇಲೆ ಅಳಿಸಿ ಇಂಗ್ಲಿಷಿನ "ಎಂ" ಒಂದನ್ನೇ ಉಳಿಸಿದೆ. ಗೋಪ್ಯತೆಗೆ ಅಷ್ಟು ಸಾಕು ಅಂದುಕೊಂಡೆ.

ಅದನ್ನು ಮೊದಲು ನೋಡಿದವರು ನಮ್ಮ ಅತ್ತೆ, ಅಂದರೆ ವೀಣಾಳ ತಾಯಿ. ಧಾರವಾಡದಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಮಾಧ್ಯಮಿಕ ಶಾಲೆಯಲ್ಲಿ ಗಣಿತ ಕಲಿಸಿ ರಿಟೈರ್ ಆದವರು. ಎಪ್ಪತ್ತು ದಾಟಿದ್ದರೂ ಬೆಳಗ್ಗೆ ಎದ್ದು ನಮ್ಮ ಬಡಾವಣೆಯನ್ನು ಎರಡು ಸುತ್ತು ಹಾಕುತ್ತಿದ್ದರು. ಫ್ರಿಜ್ಜಿನ ಮುಂದೆ ನಿಂತು ಕನ್ನಡಕ ಏರಿಸಿಕೊಂಡರು.

"ಇದೇನ್ರೀ ಅಳಿಯಂದ್ರ, ಶ್ರಾವಣದಾಗ ಫ್ರಿಜ್ ಮ್ಯಾಲ ಮೀನಿನ ಎಲುಬು ಹಚ್ಚೀರಿ?"

ನಾನು ವಿವರಿಸಿದೆ. ಅವರು ಮುಳ್ಳುಗಳನ್ನು ಒಂದೊಂದಾಗಿ ಓದಿದರು.

"ಸಿಹಿ ಪಾನೀಯ ಅಂದ್ರ ಆ ಜ್ಯೂಸ್ ಡಬ್ಬಿ ಅಲ್ರೀ? ಅದನ್ನ ಯಾರು ತರತಾರ?"

"ನಾನೇ."

"ನಡೆಯದೆ ಇರುವುದು. ಕೂಸಿನ್ನ ಕಾರಿನ್ಯಾಗ ಯಾರು ಕರಕೊಂಡ ಹೋಗತಾರ?"

"ನಾನೇ."

"ಊಟದ ಮುಂದ ಫೋನ್ ಹಿಡಕೊಂಡ ಯಾರು ಕೂಡತಾರ?"

ನಾನು ಕೈಯಲ್ಲಿದ್ದ ಫೋನನ್ನು ಜೇಬಿಗಿಟ್ಟೆ.

"ಮತ್ತ ತಲ್ಯಾಗ ಆಕಿ ಹೆಸರು ಯಾಕ ಬರದೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಫ್ರಿಜ್ಜಿನಿಂದ ಮೊಸರು ತೆಗೆದುಕೊಂಡು ಹೋದರು. ನಾನು ಇಪ್ಪತ್ತು ವರ್ಷದಿಂದ ಐದು "ಯಾಕೆ" ಕೇಳುತ್ತಿದ್ದೇನೆ. ಅವರು ಒಂದೇ ಒಂದರಲ್ಲಿ ಮುಗಿಸಿದ್ದರು. ಆದರೆ ಗಣಿತದ ಟೀಚರಿಗೆ ಕ್ವಾಲಿಟಿ ವಿಷಯ ಹೇಗೆ ಗೊತ್ತಾಗಬೇಕು ಎಂದುಕೊಂಡು ತನಿಖೆ ಮುಂದುವರಿಸಿದೆ.

ಜ್ಯೂಸಿನ ವಿಷಯದಲ್ಲಿ ನನ್ನದೂ ಒಂದು ಸಮರ್ಥನೆ ಇದೆ. ಮೈಸೂರಿನಲ್ಲಿ ನಮ್ಮ ಮನೆಗೆ ಕಿತ್ತಳೆ ರಸ ಬರುತ್ತಿದ್ದುದು ಜ್ವರದ ಜೊತೆಗೆ. ಜ್ವರವಿಲ್ಲದವನಿಗೆ ಕಿತ್ತಳೆ ರಸ ಕೊಡುವ ಪದ್ಧತಿ ಇರಲಿಲ್ಲ. ನಾನು ಒಮ್ಮೆ ಬಿಸಿನೀರಿನ ಹಂಡೆಗೆ ಹಣೆ ಒತ್ತಿ ಅಮ್ಮನ ಹತ್ತಿರ ಹೋದೆ. ಅಮ್ಮ ಹಣೆ ಮುಟ್ಟಿ ನೋಡಿ, ಆಮೇಲೆ ಹಣೆಯ ಮಸಿ ನೋಡಿ, ರಸದ ಬದಲು ಬೆನ್ನಿಗೆರಡು ಕೊಟ್ಟರು. ಹಾಗೆ ಬೆಳೆದವನು ಈ ದೇಶಕ್ಕೆ ಬಂದು ಗ್ಯಾಲನ್‌ಗಟ್ಟಲೆ ಜ್ಯೂಸು ಸಾಲಾಗಿ ನಿಂತಿರುವುದನ್ನು ನೋಡಿದಾಗ, ಹುಟ್ಟಲಿರುವ ನನ್ನ ಮಕ್ಕಳು ಜ್ವರವಿಲ್ಲದೆಯೂ ಇದನ್ನು ಕುಡಿಯಲಿ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಮೇಘು ನೀರು ಕೇಳಿದರೂ ಜ್ಯೂಸು ಕೊಟ್ಟಿದ್ದೇನೆ. ತಟ್ಟೆಯದೂ ಇದೇ ಕಥೆ. ತಟ್ಟೆಯಲ್ಲಿ ಒಂದು ಅಗುಳೂ ಬಿಡಬಾರದು ಎಂದು ಅವಳಿಗೆ ಎರಡು ವರ್ಷವಿದ್ದಾಗಿನಿಂದ ಹೇಳಿಕೊಟ್ಟವನು ನಾನು. ಸಾಕು ಎಂದು ಬಾಯಿ ಮುಚ್ಚಿದವಳ ಮುಂದೆ ಚಮಚವನ್ನು ವಿಮಾನ ಮಾಡಿ ಹಾರಿಸಿದ್ದೇನೆ. ಅವಳಿಗೆ ಯಾವಾಗ ಹೊಟ್ಟೆ ತುಂಬುತ್ತದೆ ಎಂಬುದನ್ನು ಇಷ್ಟು ವರ್ಷವೂ ನಾನೇ ನಿರ್ಧರಿಸುತ್ತ ಬಂದೆ. ಈಗ ಅವಳಿಗೆ ಅದು ಗೊತ್ತಾಗುತ್ತಿಲ್ಲ ಎಂದು ದೂರು ಕೊಡುತ್ತಿರುವವನೂ ನಾನೇ.

ಇನ್ನು ನಡಿಗೆ. ನಮ್ಮ ಮನೆಯಿಂದ ಸ್ಕೂಲ್ ಬಸ್ ನಿಲ್ಲುವ ಜಾಗಕ್ಕೆ ಹನ್ನೊಂದು ಮನೆ, ಒಂದು ತಿರುವು. ಬೆಳಗ್ಗೆ ಅಲ್ಲಿ ಆರೇಳು ಕಾರು ಇಂಜಿನ್ ಆರಿಸದೆ ಸಾಲಾಗಿ ನಿಂತಿರುತ್ತವೆ. ಪ್ರತಿ ಕಾರಿನಲ್ಲೂ ಒಂದೊಂದು ಮಗು. ಬಸ್ಸು ಬಂದೊಡನೆ ಮಕ್ಕಳು ಒಂದು ಸೀಟಿನಿಂದ ಎದ್ದು ಇನ್ನೊಂದು ಸೀಟಿನಲ್ಲಿ ಕೂರುತ್ತಾರೆ. ಆ ಸಾಲಿನಲ್ಲಿ ಮೂರನೆಯದು ನನ್ನ ಕಾರು. ಸಂಜೆಯದು ಇನ್ನೂ ಸೊಗಸು. ಸೋಮವಾರ ವಯಲಿನ್, ಮಂಗಳವಾರ ಮ್ಯಾತ್ಸ್, ಬುಧವಾರ ಭರತನಾಟ್ಯ, ಗುರುವಾರ ಮತ್ತೆ ಮ್ಯಾತ್ಸ್. ಕ್ಲಾಸಿಗೆ ಹೋಗುವ ದಾರಿಯಲ್ಲಿ ಡ್ರೈವ್‌ಥ್ರೂ ಕಿಟಕಿಯಿಂದ, ಕಾರು ಇಳಿಯದೆಯೇ, ತಿಂಡಿಯ ಒಂದು ಪೊಟ್ಟಣ ತೆಗೆದುಕೊಂಡು ಹಿಂದಿನ ಸೀಟಿಗೆ ಕೊಡುವುದು. ಅದೇ ಅವಳ ಊಟ. ಹೋಮ್‌ವರ್ಕ್ ಮುಗಿದು ಮಲಗುವಷ್ಟರಲ್ಲಿ ನಿದ್ದೆಯ ಮುಳ್ಳೂ ಭರ್ತಿಯಾಗಿರುತ್ತಿತ್ತು. ಮನೆತನದ ಮೈಕಟ್ಟಿನ ಬಗ್ಗೆ ಹೆಚ್ಚು ವಿಚಾರಣೆ ಬೇಕಿರಲಿಲ್ಲ. ನಮ್ಮ ವಂಶದ ಗಂಡಸರ ವಿಷಯದಲ್ಲಿ ಹೊಟ್ಟೆ ಎಂಬ ಶಬ್ದವನ್ನು ಯಾರೂ ಬಳಸುತ್ತಿರಲಿಲ್ಲ. ಅದಕ್ಕೆ ಪರ್ಸನಾಲಿಟಿ ಎನ್ನುತ್ತಿದ್ದರು. ನನಗೂ ಮೂವತ್ತೈದರ ನಂತರ ಪರ್ಸನಾಲಿಟಿ ಬಂದಿದೆ.

ಇಷ್ಟೆಲ್ಲ ಪತ್ತೆಯಾದ ಮೇಲೆ ಬುದ್ಧಿಯಿರುವವನು ಏನು ಮಾಡಬೇಕು? ಜ್ಯೂಸು ತರುವುದನ್ನು ನಿಲ್ಲಿಸಬೇಕು, ಒಂದು ಕ್ಲಾಸು ಬಿಡಿಸಬೇಕು, ಜೊತೆಗೆ ನಡೆಯಬೇಕು. ಅದಕ್ಕೆಲ್ಲ ನಾನು ಬದಲಾಗಬೇಕಿತ್ತು, ಮತ್ತು ನನಗೆ ಆಫೀಸಿತ್ತು. ಆದ್ದರಿಂದ ಮೇಘುವನ್ನು ಬದಲಾಯಿಸಲು ಹೊರಟೆ. ಅವಳ ಲಂಚ್ ಬಾಕ್ಸಿನಿಂದ ಚಪಾತಿ ಒಂದು ಕಡಿಮೆ ಮಾಡಿ ಕ್ಯಾರೆಟ್ ತುಂಬಿದೆ. ಅತ್ತೆ ಮಾಡಿದ ಬೇಸನ್ ಉಂಡೆಯ ಡಬ್ಬಿಯನ್ನು ಕೈಗೆಟುಕದ ಕಪಾಟಿಗೆ ಏರಿಸಿದೆ. ಭಾನುವಾರ ಬೆಳಗ್ಗೆ ತಿಂಡಿಗೆ ಮುಂಚೆ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಸಂಖ್ಯೆಯನ್ನು ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳತೊಡಗಿದೆ. ಕಡತಕ್ಕೆ "ಪ್ರಾಜೆಕ್ಟ್ ಎಂ" ಎಂದು ಹೆಸರಿಟ್ಟೆ. ಒಂದು ಮಧ್ಯಾಹ್ನ ಅವಳ ಗೆಳತಿ ಮನೆಗೆ ಬಂದು ಫ್ರಿಜ್ಜಿನ ಮುಂದೆ ನಿಂತು, "ಎಂ ಅಂದರೇನು?" ಎಂದು ಕೇಳಿದಳಂತೆ. ಮೇಘು ತಡವರಿಸದೆ "ಮ್ಯಾತ್" ಅಂದಳಂತೆ. ಗೆಳತಿ ಹೋದ ಮೇಲೆ ಹಾಳೆಯನ್ನು ಕಿತ್ತು, ಹರಿಯದೆ, ನೀಟಾಗಿ ನಾಲ್ಕು ಮಡಿಕೆ ಮಾಡಿ ನನ್ನ ಮೇಜಿನ ಮೇಲೆ ಇಟ್ಟು ಹೋದಳು. "ಅಪ್ಪಾ, ದಿಸ್ ಈಸ್ ಸೋ ಎಂಬರಾಸಿಂಗ್" ಎಂದಷ್ಟೇ ಹೇಳಿದಳು. ಆ ವಯಸ್ಸಿನ ಮಕ್ಕಳಿಗೆ ಅಪ್ಪಂದಿರ ಯಾವ ಕೆಲಸವಾದರೂ ಎಂಬರಾಸಿಂಗ್ ಎಂದು ನಾನು ಸಮಾಧಾನ ಮಾಡಿಕೊಂಡೆ.

ಆಮೇಲೆ ಗಣೇಶನ ಹಬ್ಬ ಬಂತು. ಇಲ್ಲಿ ಹಬ್ಬ ಬಂದ ದಿನ ಮಾಡುವುದಿಲ್ಲ, ಶನಿವಾರ ಮಾಡುತ್ತೇವೆ. ಸುತ್ತಲಿನ ಕನ್ನಡದವರೆಲ್ಲ ಸೇರಿ ಒಂದು ಹಾಲ್ ಹಿಡಿದಿದ್ದರು. ಪೂಜೆ ಮುಗಿದು ಊಟಕ್ಕೆ ಸಾಲು ನಿಂತಿತ್ತು. ಮೇಘು ಹೊಸ ಲಂಗ ಹಾಕಿಕೊಂಡು, ತಟ್ಟೆಯಲ್ಲಿ ಪುಳಿಯೋಗರೆ ಮತ್ತು ಒಂದು ಕಡುಬು ಇಟ್ಟುಕೊಂಡು ನನ್ನ ಪಕ್ಕ ನಿಂತಿದ್ದಳು. ನಮಗೆ ಬಹಳ ವರ್ಷದಿಂದ ಪರಿಚಯವಿರುವ ಒಬ್ಬ ಆಂಟಿ ಬಂದರು. ಒಳ್ಳೆಯ ಮನಸ್ಸಿನವರು, ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಸಾರು ಅನ್ನ ತಂದು ಕೊಡುವವರು. ಮೇಘುವಿನ ಕೆನ್ನೆ ಹಿಂಡಿ, "ಏನ್ ಪುಟ್ಟಿ, ಗುಂಡುಗುಂಡಗೆ ಆಗಿಬಿಟ್ಟಿದೀಯ! ಅಮೆರಿಕಾ ಹಾಲು ಚೆನ್ನಾಗಿ ಒಗ್ಗಿದೆ" ಎಂದು ಜೋರಾಗಿ ನಕ್ಕರು. ಮೇಘು ನನ್ನ ಮುಖ ನೋಡಿದಳು. ಈಗ ಯೋಚಿಸಿದರೆ ಅವಳು ಯಾಕೆ ನೋಡಿದಳು ಎಂದು ಗೊತ್ತಾಗುತ್ತದೆ. ಆಗ ಗೊತ್ತಾಗಲಿಲ್ಲ. ಸಭ್ಯತೆಗೆ ನಾನೂ ನಗುತ್ತ, "ಅದಕ್ಕೇ ಮೇಡಂ, ಮನೇಲಿ ಒಂದು ಪ್ರಾಜೆಕ್ಟ್ ನಡೀತಾ ಇದೆ" ಅಂದೆ. ಸಾಲಿನಲ್ಲಿ ಹಿಂದೆ ಮುಂದೆ ಇದ್ದವರೂ ನಕ್ಕರು. ನನ್ನ ಮಾತಿಗೆ ಅಷ್ಟು ಜನ ನಕ್ಕಿದ್ದು ಅದೇ ಮೊದಲು. ಸ್ವಲ್ಪ ಖುಷಿಯೂ ಆಯಿತು. ತಿರುಗಿ ನೋಡಿದರೆ ಮೇಘು ತಟ್ಟೆಯನ್ನು ಮೇಜಿನ ಮೇಲಿಟ್ಟು ಕಾರಿನ ಕಡೆ ನಡೆಯುತ್ತಿದ್ದಳು. ಕಡುಬನ್ನು ಅವಳು ಮುಟ್ಟಿರಲಿಲ್ಲ. ಹೆಗಲು ಕುಲುಕುತ್ತಿತ್ತು. ನಗುತ್ತಿದ್ದಾಳೆ ಎಂದುಕೊಂಡೆ.

ಅಲ್ಲಿಂದ ಮುಂದೆ ಸಂಖ್ಯೆಗಳು ಬಹಳ ಚೆನ್ನಾಗಿ ಬಂದವು. ಏರುತ್ತಿದ್ದ ಗೆರೆ ಮೊದಲು ಮಲಗಿತು, ಆಮೇಲೆ ಇಳಿಯಿತು. ಮೂರು ಭಾನುವಾರ ಸತತವಾಗಿ ಇಳಿಯಿತು. ಕಾರ್ಖಾನೆಯಲ್ಲಿ ಯಾವುದಾದರೂ ಗೆರೆ ಇಷ್ಟು ಸಲೀಸಾಗಿ ಇಳಿದರೆ ನಾವು ಮೊದಲು ಅಳೆಯುವ ಯಂತ್ರವನ್ನು ಅನುಮಾನಿಸುತ್ತೇವೆ, ಆಮೇಲೆ ಅಳೆದವನನ್ನು. ಇಲ್ಲಿ ಅಳೆದವನು ನಾನಾದ್ದರಿಂದ ಅನುಮಾನ ಬರಲಿಲ್ಲ. ವೀಣಾಳಿಗೆ ಗ್ರಾಫ್ ತೋರಿಸಿದೆ. ಅವಳು, "ಹುಡುಗಿ ಮಾತೇ ಆಡ್ತಿಲ್ಲ, ನೋಡಿದ್ರಾ?" ಅಂದಳು. ಮಾತಿಗೆ ಗ್ರಾಫಿನಲ್ಲಿ ಜಾಗವಿರಲಿಲ್ಲ.

ಅಕ್ಟೋಬರಿನ ಒಂದು ಬೆಳಗ್ಗೆ ಶಾಲೆಯ ಕೌನ್ಸೆಲರ್ ಫೋನ್ ಮಾಡಿದರು. ಮೇಘನಾ ಆಟದ ಪೀರಿಯಡ್ಡಿನಲ್ಲಿ ತಲೆ ಸುತ್ತಿ ಕೂತಿದ್ದಾಳೆ, ಈಗ ಪರವಾಗಿಲ್ಲ, ನೀವಿಬ್ಬರೂ ಒಮ್ಮೆ ಬಂದರೆ ಒಳ್ಳೆಯದು ಎಂದರು. ಹೋದೆವು. ಸಣ್ಣ ಕೋಣೆ. ಕೌನ್ಸೆಲರ್ ವಯಸ್ಸಾದ, ಸಮಾಧಾನದ ಮನುಷ್ಯ. ಹೇಳಿದ್ದು ಇಷ್ಟು: ಮೂರು ವಾರದಿಂದ ಮೇಘು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೆಫೆಟೇರಿಯಾಕ್ಕೆ ಹೋಗುತ್ತಿಲ್ಲ. ಲಂಚ್ ಬಾಕ್ಸನ್ನು ಗೆಳತಿಯರಿಗೆ ಕೊಟ್ಟು ಲೈಬ್ರರಿಯಲ್ಲಿ ಕೂರುತ್ತಾಳೆ. ಕ್ಯಾರೆಟ್ ಮಾತ್ರ ಯಾರೂ ತೆಗೆದುಕೊಳ್ಳದೆ ಉಳಿಯುತ್ತದಂತೆ. "ಮನೆಯಲ್ಲಿ ಇತ್ತೀಚೆಗೆ ಏನಾದರೂ ಬದಲಾವಣೆ ಆಗಿದೆಯೇ?" ಎಂದು ಕೇಳಿದರು. ವೀಣಾ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ. ಗೋಡೆಯ ಮೇಲೆ ಒಂದು ಆಕ್ಟೋಪಸ್ಸಿನ ಪೋಸ್ಟರ್ ಇತ್ತು. ಎಂಟು ಕೈಗೆ ಎಂಟು ಭಾವನೆಯ ಹೆಸರು ಬರೆದಿದ್ದರು. ನನ್ನ ಕಣ್ಣು ಬಿದ್ದ ಕೈಯ ಮೇಲೆ "ಅವಮಾನ" ಎಂದಿತ್ತು. ಇನ್ನೂ ಏಳು ಇದ್ದವು, ನನಗೆ ಅದೇ ಕಾಣಬೇಕಿತ್ತೆ?

ವೀಣಾ ಧಾರವಾಡದ ಕನ್ನಡವನ್ನು ಹೆಚ್ಚಾಗಿ ತಾಯಿಯ ಹತ್ತಿರ ಮಾತ್ರ ಆಡುತ್ತಾಳೆ. ನನ್ನ ಹತ್ತಿರ ಆಡಿದರೆ ವಿಷಯ ಗಂಭೀರ ಎಂದರ್ಥ. ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ಹಾಕಿಕೊಂಡು, "ಇನ್ನ ಒಂದ ಸಲ ಆ ಮಿಷಿನ್ ಮ್ಯಾಲ ಆಕಿನ್ನ ನಿಲ್ಲಿಸಿದ್ರ ನೋಡ್ರಿ ಮತ್ತ" ಎಂದಳು. ಆಮೇಲೆ ಅತ್ತಳು. ನಾನು ಸೀಟು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡೆ.

ಮನೆಯಲ್ಲಿ ಅತ್ತೆ ಅಡಿಗೆಮನೆಯ ಮೇಜಿನ ಹತ್ತಿರ ಹುರುಳಿಕಾಯಿ ನಾರು ಬಿಡಿಸುತ್ತ ಕೂತಿದ್ದರು. ನನ್ನನ್ನು ಕೂಡಲು ಹೇಳಿದರು. "ನಿನ್ನಿ ಹುಡುಗಿ ನನ್ನ ಒಂದು ಮಾತು ಕೇಳಿದ್ಲರಿ. ಅಜ್ಜಿ, ಆಮ್ ಐ ಬ್ರೋಕನ್ ಅಂದ್ಲು. ಬ್ರೋಕನ್ ಅಂದ್ರ ಒಡದದ್ದು ಅಲ್ರೀ? ಮೊನ್ನೆ ಗ್ಲಾಸ್ ಬಿದ್ದಾಗ ನೀವು ಅದ ಶಬ್ದ ಅಂದ್ರಿ."

"ಹೌದು."

"ಅಪ್ಪ ನನ್ನ ರಿಪೇರಿ ಮಾಡ್ಲಿಕ್ಕತ್ತಾರ, ಹಂಗಾದ್ರ ನಾ ಒಡದೀನೇನು ಅಂತ ಆಕಿ ಕೇಳಿದ್ದು. ನಾ ಮೂವತ್ತ ವರ್ಷ ಸಾಲಿ ಕಲಿಸೀನಿ. ಎಂಥಾ ಪ್ರಶ್ನಿ ಕೇಳಿದ್ರೂ ಉತ್ತರಾ ಹೇಳೀನಿ. ಇದಕ್ಕ ಬರಲಿಲ್ಲ. ನೀವ ಹೇಳ್ರಿ, ಏನು ಹೇಳ್ಲಿ?"

ಅವರು ನಾರು ಬಿಡಿಸುತ್ತಲೇ ಇದ್ದರು. ನಾನು ಎದ್ದು ಹೋಗಿ ಡಾಕ್ಟರು ಕೊಟ್ಟ ಹಾಳೆಯನ್ನು ಹುಡುಕಿದೆ. ಅದೇ ಪಟ್ಟಿ: ನಿದ್ದೆ, ಪಾನೀಯ, ನಡಿಗೆ. ಕೆಳಗೆ ಸಣ್ಣ ಅಕ್ಷರದಲ್ಲಿ "ಹಿಂಬದಿ ನೋಡಿ" ಎಂದಿತ್ತು. ಎರಡು ತಿಂಗಳಿಂದ ನಾನು ಹಿಂಬದಿ ನೋಡಿರಲಿಲ್ಲ. ತಿರುಗಿಸಿದೆ. ಮಗುವಿನ ತೂಕದ ಬಗ್ಗೆ ಮನೆಯವರು, ನೆಂಟರು ಆಡುವ ಮಾತು, ಮಾಡುವ ತಮಾಷೆ ಇವೂ ತೂಕ ಹೆಚ್ಚುವುದಕ್ಕೆ ಸಂಬಂಧಪಟ್ಟ ಸಂಗತಿಗಳು. ತೂಕದ ಮಾತು ಬೇಡ, ಮನೆಯ ಅಭ್ಯಾಸಗಳ ಮಾತಾಡಿ. ಮಗುವೊಂದನ್ನೇ ಬದಲಾಯಿಸಲು ಹೋಗಬೇಡಿ. ಅದರ ಕೆಳಗೆ ಡಾಕ್ಟರು ಪೆನ್ನಿನಿಂದ ಎರಡು ಗೆರೆ ಬೇರೆ ಎಳೆದಿದ್ದರು. ಸೂಚನೆಯನ್ನು ಪೂರ್ತಿ ಓದದೆ ಕೆಲಸ ಶುರುಮಾಡುವ ಹುಡುಗರನ್ನು ನಾನು ಕಾರ್ಖಾನೆಯಲ್ಲಿ ವಾರಕ್ಕೊಮ್ಮೆ ಬೈಯುತ್ತೇನೆ.

ಕ್ಷಮೆ ಕೇಳುವುದು ನಮ್ಮ ಮನೆತನದ ಗಂಡಸರಿಗೆ ರೂಢಿಯಿಲ್ಲ. ನನ್ನ ತಂದೆಗೆ ತಪ್ಪಾಯಿತು ಅನ್ನಿಸಿದರೆ ಮಾರನೆಯ ದಿನ ಮಲ್ಲಿಗೆ ಹೂವು ತರುತ್ತಿದ್ದರು, ಅಥವಾ ಏನೂ ಆಗಿಲ್ಲದ ಹಾಗೆ ಕಾಫಿ ಕೇಳುತ್ತಿದ್ದರು. ನಾನು ಸೋಮವಾರ ವಯಲಿನ್ ಕ್ಲಾಸಿನ ಮುಂದೆ ಕಾರು ನಿಲ್ಲಿಸಿ, ಅವಳು ಇಳಿಯುವ ಮುಂಚೆ, ಕನ್ನಡಿಯಲ್ಲಿ ಅವಳ ಮುಖ ನೋಡುತ್ತ, "ಮೇಘು, ಸಾರಿ" ಅಂದೆ.

ಅವಳು ಇಯರ್‌ಫೋನ್ ತೆಗೆದಳು. "ಫಾರ್ ವಾಟ್?"

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಸಾರಿ ಎಂದರೆ ಎಲ್ಲಕ್ಕೂ ಸೇರಿಸಿ ಹೇಳಿದ್ದು ಎಂದು ನನ್ನ ಎಣಿಕೆಯಾಗಿತ್ತು. "ತೂಕ ನೋಡಿದ್ದಕ್ಕೆ. ಬರೆದಿಟ್ಟಿದ್ದಕ್ಕೆ. ಫ್ರಿಜ್ ಮೇಲೆ ಅಂಟಿಸಿದ್ದಕ್ಕೆ. ಉಂಡೆ ಬಚ್ಚಿಟ್ಟಿದ್ದಕ್ಕೆ."

ಅವಳು ಕಾದಳು. "ಯು ಫರ್ಗಾಟ್ ದ ಗಣೇಶ ಥಿಂಗ್. ನೀನು ಎಲ್ಲರ ಮುಂದೆ ನಕ್ಕೆ." ಕೊನೆಯ ಮೂರು ನಾಲ್ಕು ಮಾತು ಕನ್ನಡದಲ್ಲೇ ಹೇಳಿದಳು. ಅವಳು ನನ್ನ ಹತ್ತಿರ ಕನ್ನಡ ಆಡಿ ತಿಂಗಳುಗಳಾಗಿದ್ದವು.

"ಅದಕ್ಕೂ" ಅಂದೆ. "ಅದಕ್ಕೇ ಜಾಸ್ತಿ. ನೀನು ಒಡೆದಿಲ್ಲ ಮೇಘು. ನಾನು ಹಾಳೆ ತಪ್ಪಾಗಿ ಓದಿದೆ."

ಸ್ವಲ್ಪ ಹೊತ್ತು ವಯಲಿನ್ ಪೆಟ್ಟಿಗೆಯ ಹಿಡಿಯನ್ನು ಎತ್ತುತ್ತ ಇಳಿಸುತ್ತ ಕೂತಿದ್ದಳು. "ಓಕೆ. ಕ್ಯಾನ್ ವಿ ನಾಟ್ ಟಾಕ್ ಅಬೌಟ್ ಇಟ್ ನೌ?" ಎಂದು ಇಳಿದು ಹೋದಳು. ಬಾಗಿಲನ್ನು ಮೆಲ್ಲಗೆ ಹಾಕಿದಳು. ಆ ತಿಂಗಳಲ್ಲಿ ಮೆಲ್ಲಗೆ ಹಾಕಿದ ಮೊದಲ ಬಾಗಿಲು ಅದು.

ಆಮೇಲಿನ ಬದಲಾವಣೆಗಳನ್ನು ಅತ್ತೆ ಮತ್ತು ವೀಣಾ ಸೇರಿ ಮಾಡಿದರು. ನನಗೆ ಯಾವ ಹುದ್ದೆಯೂ ಇರಲಿಲ್ಲ. ತೂಕದ ಯಂತ್ರ ಗರಾಜಿಗೆ ಹೋಯಿತು. ಯಾವ ಕ್ಲಾಸು ಬಿಡುತ್ತೀಯ ಎಂದು ಮೇಘುವನ್ನೇ ಕೇಳಿದರು. ಅವಳು ಎರಡೂ ದಿನದ ಮ್ಯಾತ್ಸ್ ಬಿಟ್ಟಳು. ನನಗೆ ಎದೆ ನೋಯಿತು. ಅತ್ತೆ, "ಗಣಿತ ನಾ ಹೇಳಿ ಕೊಡತೀನಿ, ಕಾರ್ ಬ್ಯಾಡ" ಅಂದರು. ಮಂಗಳವಾರ ಗುರುವಾರ ಮನೆಯಲ್ಲೇ ಬಿಸಿ ಊಟ; ಮೇಘು ಬೇಗ ಮಲಗುವುದೂ ಆಯಿತು. ಊಟಕ್ಕೆ ಕೂರುವಾಗ ಎಲ್ಲರ ಫೋನೂ ಒಂದು ಖಾಲಿ ಸ್ಟೀಲ್ ಡಬ್ಬಿಯೊಳಗೆ ಬೀಳಬೇಕು, ಮುಚ್ಚಳ ಹಾಕಬೇಕು. ಮೊದಲ ವಾರ ಡಬ್ಬಿಯೊಳಗೆ ಗುಂಯ್‌ಗುಡುತ್ತಿದ್ದುದು ನನ್ನದೊಂದೇ. ಜ್ಯೂಸು ನಿಂತಿತು. ಅದರಿಂದ ಮೇಘುವಿಗೆ ಏನೂ ಆಗಲಿಲ್ಲ. ನಾನು ಎರಡು ವಾರ ಫ್ರಿಜ್ಜಿನ ಬಾಗಿಲು ತೆಗೆದು ಸುಮ್ಮನೆ ನಿಲ್ಲುತ್ತಿದ್ದೆ. ಉಂಡೆಯ ಡಬ್ಬಿ ಕಪಾಟಿನಿಂದ ಇಳಿದು ಮೇಜಿಗೆ ಬಂತು. ಬಚ್ಚಿಟ್ಟಾಗ ಅದು ಬೇಗ ಖಾಲಿಯಾಗುತ್ತಿತ್ತು. ಎದುರಿಗೆ ಇಟ್ಟ ಮೇಲೆ ವಾರಗಟ್ಟಲೆ ಉಳಿಯತೊಡಗಿತು. ಸಾಕು ಎಂದವಳಿಗೆ ಇನ್ನೊಂದು ತುತ್ತು ಎನ್ನುವ ಹಕ್ಕು ಮನೆಯಲ್ಲಿ ಯಾರಿಗೂ ಉಳಿಯಲಿಲ್ಲ. ಬೆಳಗ್ಗೆ ಅತ್ತೆ ಸೀರೆಯ ಮೇಲೆ ನನ್ನ ಹಳೆಯ ಜಾಕೆಟ್ಟು, ಕಾಲಿಗೆ ಸ್ನೀಕರ್ಸ್ ಹಾಕಿಕೊಂಡು ಮೇಘುವಿನ ಜೊತೆ ಬಸ್ಸಿನ ತನಕ ನಡೆದರು. ಸಾಲಿನಲ್ಲಿ ನಿಂತ ಕಾರುಗಳ ಗಾಜು ಒಂದೊಂದಾಗಿ ಕೆಳಗಿಳಿಯಿತಂತೆ. ಎರಡನೆಯ ವಾರಕ್ಕೆ ಮೂರು ಮನೆಯಾಚೆಯ ಹುಡುಗಿಯೂ ಇವರ ಜೊತೆ ನಡೆಯತೊಡಗಿದಳು. ಅಜ್ಜಿ ದಾರಿಯಲ್ಲಿ ಇಬ್ಬರಿಗೂ ಮಗ್ಗಿ ಹೇಳಿಸುತ್ತಿದ್ದರು, ಕನ್ನಡದಲ್ಲಿ.

ಡಿಸೆಂಬರಿನಲ್ಲಿ ಮತ್ತೆ ಡಾಕ್ಟರ ಹತ್ತಿರ ಹೋದೆವು. ಈ ಸಲ ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಲಿಲ್ಲ. ಮೇಘುವನ್ನೇ ಕೇಳುತ್ತ ಹೋದರು: ನಿದ್ದೆ ಹೇಗಿದೆ, ಮಧ್ಯಾಹ್ನ ಯಾರ ಜೊತೆ ಕೂತು ಊಟ ಮಾಡುತ್ತೀಯ, ಏನು ಇಷ್ಟ. ಕೊನೆಗೆ ನಮ್ಮ ಕಡೆ ನೋಡಿ, ಎತ್ತರವೂ ಬಂದಿದೆ, ಗೆರೆ ತನ್ನ ದಾರಿ ಹಿಡಿಯುತ್ತಿದೆ, ಅವಸರ ಬೇಡ ಅಂದರು. ಮೇಘುವಿನ ಕಡೆ ತಿರುಗಿ, "ನಿನಗೆ ಯಾವುದರಿಂದ ಹೆಚ್ಚು ಸಹಾಯ ಆಯಿತು ಅನ್ನಿಸುತ್ತೆ?" ಎಂದು ಕೇಳಿದರು.

ಮೇಘು ಯೋಚಿಸಿದಳು. "ಡ್ಯಾಡ್ ಸ್ಟಾಪ್ಡ್" ಅಂದಳು.

"ಏನು ಮಾಡುವುದನ್ನು ನಿಲ್ಲಿಸಿದರು?"

"ಜಸ್ಟ್... ಸ್ಟಾಪ್ಡ್."

ಡಾಕ್ಟರು ಅದನ್ನು ಬರೆದುಕೊಂಡರು.

ಜನವರಿ ಕೊನೆಯಲ್ಲಿ ಅತ್ತೆ ಧಾರವಾಡಕ್ಕೆ ಹೊರಟರು. ಏರ್‌ಪೋರ್ಟಿನಲ್ಲಿ, "ಮುಂಜಾನೆ ಡ್ಯೂಟಿ ಇನ್ನ ನಿಮ್ಮದರಿ" ಎಂದು ನನಗೆ ಕೆಲಸ ಒಪ್ಪಿಸಿದರು. ನಾನು ಎದೆ ಮುಟ್ಟಿಕೊಂಡು ಒಪ್ಪಿಕೊಂಡೆ. ಮೇಘು ಮಾತ್ರ ಒಂದು ಶರತ್ತು ಹಾಕಿದಳು: ಅಪ್ಪ ಐವತ್ತು ಅಡಿ ಹಿಂದೆ ನಡೆಯಬೇಕು, ಮಾತಾಡಿಸಬಾರದು, ಟಾಟಾ ಮಾಡಬಾರದು. ಫೆಬ್ರವರಿಯ ಎರಡನೆಯ ವಾರ, ಐದು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೆಲ್ಸಿಯಸ್‌ನಲ್ಲಿ ಸೊನ್ನೆಗಿಂತ ಹದಿನೈದು ಕೆಳಗೆ. ಕಣ್ಣು ಬಿಟ್ಟು ಉಳಿದದ್ದೆಲ್ಲ ಮುಚ್ಚಿಕೊಂಡು, ಐವತ್ತು ಅಡಿ ಅಂದಾಜು ಮಾಡುತ್ತ ಹೊರಟೆ. ಮುಂದೆ ಮೇಘು ಮತ್ತು ಅವಳ ಗೆಳತಿ ಪಟಪಟ ನಡೆಯುತ್ತ ಏನೋ ಹೇಳಿಕೊಂಡು ನಗುತ್ತಿದ್ದರು. ನಾನು ನಾಲ್ಕನೆಯ ಮನೆ ದಾಟುವಷ್ಟರಲ್ಲಿ ಉಸಿರು ಹತ್ತಿತು, ಕಾಲಿನ ಬೆರಳು ಇದೆಯೋ ಇಲ್ಲವೋ ತಿಳಿಯದಾಯಿತು. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಪಿಕಪ್ ಟ್ರಕ್ ನಿಂತಿತು. ನಮ್ಮ ಎದುರು ಮನೆಯ ಯಜಮಾನರು, ವಯಸ್ಸಾದವರು. ಗಾಜು ಇಳಿಸಿ, ಕಾರು ಕೆಟ್ಟಿದೆಯೇ ಎಂದು ಕಳಕಳಿಯಿಂದ ಕೇಳಿದರು. ಇಲ್ಲ, ನಡೆಯುತ್ತಿದ್ದೇನೆ ಎಂದರೆ ಅವರಿಗೆ ಅರ್ಥವಾಗುವ ಹಾಗಿರಲಿಲ್ಲ. ಹಿರಿಯರ ಮನಸ್ಸು ನೋಯಿಸಬಾರದೆಂದು ಹತ್ತಿ ಕೂತೆ. ಸೀಟು ಬೆಚ್ಚಗಿತ್ತು. ಟ್ರಕ್ಕು ಮಕ್ಕಳನ್ನು ದಾಟುವಾಗ ನಾನು ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದೆ. ನನ್ನ ಶೂಗೆ ಲೇಸಿಲ್ಲ. ತಲೆ ಎತ್ತಿದಾಗ ಮೇಘು ನೇರವಾಗಿ ನನ್ನನ್ನೇ ನೋಡುತ್ತಿದ್ದಳು.

ಆ ಸಂಜೆ ಊಟಕ್ಕೆ ಕೂತಾಗ ವೀಣಾ, "ಹೇಗಿತ್ತೇ ಇವತ್ತು? ಅಪ್ಪ ಬಸ್ಸಿನ ತನಕ ನಡೆದ್ರಾ?" ಎಂದು ಕೇಳಿದಳು. ನಾನು ಪಲ್ಯದ ಪಾತ್ರೆಯೊಳಗೆ ಏನನ್ನೋ ಹುಡುಕುತ್ತಿದ್ದೆ. ಮೇಘು ನನ್ನ ಕಡೆ ನೋಡಿದಳು. ಅವಳಿಗೆ ಬೇಕಿದ್ದರೆ ಈಗ ಎಲ್ಲರ ಮುಂದೆ ಹೇಳಬಹುದಿತ್ತು. ನ್ಯಾಯವಾಗಿ ಅವಳಿಗೆ ಆ ಹಕ್ಕೂ ಇತ್ತು.

"ಹೀ ಡಿಡ್ ಹಿಸ್ ಬೆಸ್ಟ್" ಅಂದಳು. ಹೆಗಲು ಕುಲುಕುತ್ತಿತ್ತು.

ವೀಣಾ ಮೆಚ್ಚುಗೆಯಿಂದ ನನಗೆ ಇನ್ನೊಂದು ಚಪಾತಿ ಹಾಕಲು ಬಂದಳು. ಸಾಕು ಎಂದು ಹೇಳಬೇಕೆಂದು ನನಗೆ ಗೊತ್ತಿತ್ತು. ತಟ್ಟೆ ಮುಂದೆ ಹಿಡಿದೆ.